ಕೆಂಚಿ ನನಗಿಂತ ಮೊದಲು ನಡೆದಳು

ನನ್ನ ಎಡ ಮಂಡಿ ಮಡಚುತ್ತದೆ!

ಅದರಲ್ಲೇನು ವಿಶೇಷ, ನಮ್ಮದೂ ಮಡಚುತ್ತದೆ ಎಂದು ನೀವು ಹೇಳಬಹುದು. ನಿಮ್ಮದು ಹುಟ್ಟಿದಾಗಿನಿಂದ ಮಡಚುತ್ತಿದೆ, ಅದಕ್ಕೇ ನಿಮಗೆ ಅದರ ಬೆಲೆ ಗೊತ್ತಿಲ್ಲ. ನನ್ನದು ಈಗಷ್ಟೇ ಮತ್ತೆ ಕಲಿತಿದೆ. ಹಾಗಾಗಿ ಯಗಟಿಯ ಬಸ್‌ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲ ಪ್ಯಾಂಟು ಮೇಲೆತ್ತಿ ಮಡಚಿ ತೋರಿಸುತ್ತಿದ್ದೇನೆ. ಮೊನ್ನೆ ಕಡೂರಿನ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬರಿಗೂ ತೋರಿಸಲು ಹೋದೆ. ಆಕೆ ಬ್ಯಾಗು ಎತ್ತಿಕೊಂಡು ಎದುರಿಗೆ ಬಂದ ಬಸ್ಸನ್ನು ಬೋರ್ಡು ಕೂಡ ನೋಡದೆ ಹತ್ತಿಬಿಟ್ಟರು. ಅದು ಎಲ್ಲಿಗೆ ಹೋಗುವ ಬಸ್ಸಾಗಿತ್ತೋ, ಪಾಪ.

ಸಂತೋಷ ತಡೆಯಲಾಗದೆ ಬರೆಯಲು ಕೂತಿದ್ದೇನೆ. ಆಪರೇಷನ್ ಆದವರು, ಆಗಬೇಕಾದವರು, ಆಪರೇಷನ್‌ಗೆ ಮೊದಲೇ ಒಳಗೆ ಏನೋ ಕೆಟ್ಟು ನಿಂತಿದ್ದರೂ ಯಾರಿಗೂ ಹೇಳದವರು, ನೀವೆಲ್ಲ ಸ್ವಲ್ಪ ಹತ್ತಿರ ಬನ್ನಿ. ಪ್ಯಾಂಟು ಎತ್ತುವುದಿಲ್ಲ, ಆಣೆ.

ನಾನು ಲೋಕೇಶ, ಊರಿನವರಿಗೆ ಲೋಕಿ. ಒಂದು ಲಗೇಜ್ ಗಾಡಿ ಓಡಿಸುತ್ತೇನೆ. ತೆಂಗಿನಕಾಯಿ, ಕುರಿ, ಮದುವೆ ಮನೆಯ ಪಾತ್ರೆ, ಒಮ್ಮೊಮ್ಮೆ ಬಸ್ಸು ತಪ್ಪಿಸಿಕೊಂಡ ಮದುವೆ ಗಂಡು, ಏನು ಹೇರಿದರೂ ಹೊರುತ್ತದೆ. ಒಂದು ದಿನ ಅಜ್ಜಂಪುರದಲ್ಲಿ ಕುರಿ ಇಳಿಸುವಾಗ ಟಗರೊಂದು ತಪ್ಪಿಸಿಕೊಂಡು ಓಡಿತು. ಸುತ್ತ ಜನ ನೋಡುತ್ತಿದ್ದರು. ಜನ ನೋಡುತ್ತಿದ್ದರೆ ನನ್ನ ತಲೆ ನಿಲ್ಲುವುದಿಲ್ಲ. ಗಾಡಿಯ ಮೇಲಿಂದ ನೇರವಾಗಿ ಅದರ ಬೆನ್ನ ಮೇಲೆ ಹಾರಿದೆ. ಟಗರು ಸ್ವಲ್ಪ ಪಕ್ಕಕ್ಕೆ ಸರಿಯಿತು, ಅಷ್ಟೇ. ನನ್ನ ಮೈ ಒಂದು ದಿಕ್ಕಿಗೆ ಹೋಯಿತು, ಎಡಗಾಲು ಇನ್ನೊಂದು ದಿಕ್ಕಿಗೆ. ಮಂಡಿಯ ಒಳಗೆ ಹಸಿ ಕೊಂಬೆ ಸೀಳಿದಂಥ ಸದ್ದು. ಬಿದ್ದಲ್ಲಿಂದಲೇ ತಲೆಯೆತ್ತಿ ನೋಡಿದರೆ ಟಗರು ಪಕ್ಕದಲ್ಲೇ ನಿಂತು ತಳ್ಳುಗಾಡಿಯ ಎಲೆಕೋಸು ತಿನ್ನುತ್ತಿತ್ತು. ಹಾರುವ ಅಗತ್ಯವೇ ಇರಲಿಲ್ಲ.

ಊರಿಗೆ ಬಂದ ಮೇಲೆ ಕಥೆ ಬೆಳೆಯಿತು. ಕಲ್ಲೇಶಣ್ಣನ ಟೀ ಅಂಗಡಿಯಲ್ಲಿ ಹೇಳುವಾಗ ಟಗರು ಹೋರಿಯ ಗಾತ್ರಕ್ಕೆ ಬಂದಿತ್ತು. ಕೆಮ್ಮಣ್ಣುಗುಂಡಿ ಕಡೆಯ ನೆಂಟರಿಗೆ ಹೇಳುವಾಗ ಚಿರತೆಯೇ ಆಗಿಬಿಟ್ಟಿತು.

ಕಡೂರಿನ ಮೂಳೆ ಡಾಕ್ಟರು ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು ಎಂದರು. ನಮ್ಮ ಮನೆಯಲ್ಲಿ ಆಪರೇಷನ್‌ಗೆ ದಿನ ಕೂಡಿಬರುವುದು ಮದುವೆಗೆ ಕೂಡಿಬರುವುದಕ್ಕಿಂತ ಕಷ್ಟ. ಹಬ್ಬ ಕಳೆಯಲಿ, ರಾಗಿ ಕೊಯ್ಲು ಮುಗಿಯಲಿ, ನನ್ನ ಅಕ್ಕ ಸವಿತಕ್ಕನ ಮಗುವಿಗೆ ಮುಡಿ ಕೊಟ್ಟಾಗಲಿ ಎನ್ನುತ್ತ ತಿಂಗಳುಗಳು ಜಾರಿದವು. ಗಾಡಿ ಮನೆಯ ಮುಂದೆ ತೆಂಗಿನ ಮಟ್ಟೆ ರಾಶಿಯ ಪಕ್ಕ ನಿಂತುಬಿಟ್ಟಿತು. ಕ್ಲಚ್ ಎಡಗಾಲಿನದು. ಆ ಕಾಲು ಯಾವಾಗ ಬೇಕಾದರೂ ಜಾರಿಕೊಳ್ಳುತ್ತಿತ್ತು.

ಅದೇ ತಿಂಗಳುಗಳಲ್ಲಿ ಇನ್ನೊಂದು ಕೆಟ್ಟಿತು. ಮಂಡಿಯಂತೆ ಅದು ಸದ್ದು ಮಾಡಿ ಕೆಡಲಿಲ್ಲ, ಹಾಗಾಗಿ ಯಾವತ್ತು ಎಂದು ಹೇಳಲು ನನಗೆ ಬರುವುದಿಲ್ಲ. ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತಿತ್ತು, ಏಳಲು ಮಾತ್ರ ಆಗುತ್ತಿರಲಿಲ್ಲ. ಮುದ್ದೆ, ಸೊಪ್ಪಿನ ಸಾರು, ಹಬ್ಬದ ಹೋಳಿಗೆ, ಎಲ್ಲಕ್ಕೂ ಒದ್ದೆ ಹತ್ತಿಯ ರುಚಿ. ಫೋನ್ ಹೊಡೆದುಕೊಂಡರೆ ಅದನ್ನು ಬೋರಲು ಹಾಕಿ ನಾನೂ ಬೋರಲು ಮಲಗುತ್ತಿದ್ದೆ. ಸ್ನಾನ ಬಿಟ್ಟ ಮೇಲೆ ನೊಣಗಳಿಗೆ ನನ್ನ ಮೇಲೆ ವಿಶ್ವಾಸ ಬೆಳೆಯಿತು.

ಆದರೆ ಯಾರಾದರೂ ಮನೆಗೆ ಬಂದರೆ ಸಾಕು! ಎದ್ದು ಕೂತು, ಟಗರಿನ ಕಥೆ ಹೇಳಿ, ಬಂದವರನ್ನು ಹೊಟ್ಟೆ ಹಿಡಿದುಕೊಳ್ಳುವಂತೆ ನಗಿಸಿ, ನಾನೂ ನಗುತ್ತಿದ್ದೆ. ನನ್ನ ನಗು ಅಡುಗೆಮನೆಗೆ ಕೇಳಿಸಿದರೆ ಅಮ್ಮ ಬಾಗಿಲಿಗೆ ಬಂದು ನೋಡುತ್ತಲೂ ಇರಲಿಲ್ಲ, ಸೀದಾ ಟೀಗೆ ಇಡುತ್ತಿದ್ದಳು. ಲೋಕಿ ನಕ್ಕರೆ ನೆಂಟರು ಬಂದಿದ್ದಾರೆ ಎಂದೇ ಲೆಕ್ಕ. ಅವರು ಎದ್ದು ಹೋದ ಮೇಲೆ ನಾನು ಮತ್ತೆ ಗೋಡೆ ಕಡೆ ತಿರುಗುತ್ತಿದ್ದೆ. ಅದನ್ನು ಯಾರೂ ನೋಡಲಿಲ್ಲ. ನೋಡುವವರಿದ್ದರೆ ನಾನು ಹಾಗಿರುತ್ತಲೇ ಇರಲಿಲ್ಲವಲ್ಲ.

ಕೊನೆಗೂ ಕಡೂರಿನಲ್ಲಿ ಆಪರೇಷನ್‌ಗೆ ಸೇರಿದೆ. ಅರಿವಳಿಕೆ ಕೊಡುವ ಡಾಕ್ಟರು ಹಿಂದಿನ ದಿನ ಬಂದು ಮಂಚದ ಪಕ್ಕ ಕೂತರು. ಸಕ್ಕರೆ, ಬಿಪಿ, ಅಲರ್ಜಿ ಎಲ್ಲ ವಿಚಾರಿಸಿ ಮೆಲ್ಲಗೆ ಕೇಳಿದರು.

"ನಿದ್ದೆ ಸರಿಯಾಗಿ ಬರ್ತಾ ಇದೆಯಾ? ಮನಸ್ಸು ಹೇಗಿದೆ? ತುಂಬಾ ಬೇಜಾರು, ಏನೂ ಬೇಡ ಅನ್ಸೋದು, ಹಂಗೇನಾದ್ರೂ?"

ಅಪ್ಪ, ಅಮ್ಮ, ಪಕ್ಕದ ಮಂಚದವರು, ಅವರನ್ನು ನೋಡಲು ಬಂದಿದ್ದವರು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಜನ ನೋಡುತ್ತಿದ್ದರೆ ನನ್ನ ತಲೆ ನಿಲ್ಲುವುದಿಲ್ಲ ಎಂದೆನಲ್ಲ?

"ಸಾರ್, ಮನಸ್ಸು ಫಸ್ಟ್ ಕ್ಲಾಸು. ಫೇಲಾಗಿರೋದು ಮಂಡಿ ಒಂದೇ!"

ವಾರ್ಡೆಲ್ಲ ನಕ್ಕಿತು. ಡಾಕ್ಟರೂ ನಕ್ಕು ಮುಂದಿನ ಮಂಚಕ್ಕೆ ಹೋದರು. ನಾನು ಗೆದ್ದವನಂತೆ ದಿಂಬಿಗೆ ಒರಗಿದೆ.

ಮರುದಿನ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ನನ್ನನ್ನು ಇಲ್ಲವಾಗಿಸಿದರು. ಪರದೆಯ ಆಚೆ ಡ್ರಿಲ್ಲು, ಸುತ್ತಿಗೆ. ಬೀರೂರಿನ ಗ್ಯಾರೇಜಿನಲ್ಲಿ ನನ್ನ ಗಾಡಿ ಇಷ್ಟೆಲ್ಲ ಏಟು ತಿಂದಾಗ ಹೇಗನಿಸಿರಬಹುದು ಎಂದು ಗೊತ್ತಾಯಿತು. ಮಂಪರು ಬರಲೆಂದು ಏನೋ ಕೊಟ್ಟರು. ಕಣ್ಣು ಮುಚ್ಚುವಾಗ ಒಂದು ಯೋಚನೆ ಬಂತು: ಮತ್ತೆ ಏಳದೇ ಹೋದರೂ ಪರವಾಗಿಲ್ಲ. ಹೆದರಿಕೆ ಆಗಲಿಲ್ಲ. ಹೆದರಿಕೆ ಆಗದಿದ್ದುದಕ್ಕೇ ಹೆದರಬೇಕಿತ್ತು. ಈ ಒಂದು ವಿಷಯವನ್ನು ತಮಾಷೆ ಮಾಡಲು ನನಗೆ ಇವತ್ತಿಗೂ ಬಂದಿಲ್ಲ.

ನಾನು ಮನೆಗೆ ಬಂದ ವಾರವೇ ಕೆಂಚಿಯೂ ಕಾಲು ಮುರಿದುಕೊಂಡಳು. ಕೆಂಚಿ ನಮ್ಮ ಕೆಂಪು ಕುರಿ, ಕಲ್ಲಿನ ಪೌಳಿಗೋಡೆ ಹಾರಲು ಹೋಗಿ ಬಿದ್ದಿದ್ದಳು. ಹಾರಿ ಬೀಳುವುದು ನಮ್ಮ ಮನೆಯ ಗುಣವೇ ಇರಬೇಕು. ಅಪ್ಪ ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಅವಳ ಮುಂಗಾಲನ್ನು ಬಿಗಿದು ಕಟ್ಟಿದ. ನಮ್ಮಲ್ಲಿ ಕಾಲು ಮುರಿದ ಕುರಿಯನ್ನು ಮಂದೆಯಿಂದ ಬೇರೆ ಮಾಡಿದರೆ ಒಂಟಿಯಾಗಿ ಕಟ್ಟುವುದಿಲ್ಲ. ಒಂಟಿಯಾದರೆ ಅದು ಮೇವು ಮುಟ್ಟುವುದಿಲ್ಲ, ಕೊರಗುತ್ತದೆ. ಜೊತೆಗೆ ಇನ್ನೊಂದು ಕುರಿ ಕಟ್ಟುವುದು ರೂಢಿ.

ಅಪ್ಪ ಹಗ್ಗ ಹಿಡಿದು ಅಂಗಳದಲ್ಲಿ ನಿಂತು ಸ್ವಲ್ಪ ಯೋಚಿಸಿದ.

"ಚೆನ್ನಾಗಿರೋ ಕುರಿನ ಯಾಕೆ ಮೇಯಕ್ ಬಿಡ್ದೆ ಕಟ್ಟಾಕಣ? ಇವನು ಹೆಂಗೂ ಬಿದ್ಕಂಡವ್ನಲ್ಲ."

ಹೀಗೆಂದು ಜಗಲಿಯ ಮೇಲಿದ್ದ ನನ್ನ ಮಂಚದ ಕಾಲಿಗೇ ಕೆಂಚಿಯನ್ನು ಕಟ್ಟಿದ. ಓದಿದವರು ನಾಯಿ, ಬೆಕ್ಕು ಸಾಕಿ ಮನಸ್ಸು ಹಗುರ ಮಾಡಿಕೊಳ್ಳುತ್ತಾರಂತೆ. ನಮ್ಮಲ್ಲಿ ಉಲ್ಟಾ. ಕುರಿಯ ಮನಸ್ಸು ಹಗುರಾಗಲಿ ಎಂದು ನನ್ನನ್ನು ಇಟ್ಟರು.

ಜೊತೆಗೆ ಅಪ್ಪ ಇಬ್ಬರಿಗೂ ಒಂದೇ ಪಥ್ಯ ಹಾಕಿದ. "ಕಟ್ಟು ಹಾಕಿದ್ ಮ್ಯಾಕೆ ಅಲ್ಲಾಡಬಾರ್ದು. ಅಲ್ಲಾಡಿದ್ರೆ ಕೂಡ್ಕಳಲ್ಲ." ಆಸ್ಪತ್ರೆಯಲ್ಲಿ ಹೇಳಿದ್ದು ಇದರ ತದ್ವಿರುದ್ಧ. ಹಿಮ್ಮಡಿ ಜಾರಿಸಿ ದಿನವೂ ಮಂಡಿ ಮಡಚಬೇಕು, ನೋವಾದರೂ ಬಿಡಬಾರದು ಎಂದು ತೋರಿಸಿಕೊಟ್ಟೇ ಕಳಿಸಿದ್ದರು. ಅಪ್ಪ ಆಗ ಬಿಲ್ಲಿನ ಕೌಂಟರಿನಲ್ಲಿದ್ದ. ಮನೆಗೆ ಬಂದ ಮೇಲೆ "ಡಾಕ್ಟ್ರು ಏನಂದ್ರೋ?" ಎಂದು ಕೇಳಿದ್ದಕ್ಕೆ "ರೆಸ್ಟು" ಎಂದೆ. ಒಂದೇ ಪದ. ಆ ಹೊತ್ತಿಗೆ ಎರಡನೆಯ ಪದ ಹುಡುಕುವುದೂ ನನ್ನಿಂದಾಗುತ್ತಿರಲಿಲ್ಲ. ಅಮ್ಮ ಕಾಲಿನ ಎರಡೂ ಪಕ್ಕ ದಿಂಬು ಒತ್ತಿ, ಮೇಲೊಂದು ರಗ್ಗು ಹೊದೆಸಿ, ಕಾಲನ್ನು ಒಡವೆಯಂತೆ ಕಾಪಾಡಿದಳು. ನೋಡಲು ಬಂದವರು ಬದನೆಕಾಯಿ ನಂಜು, ಕುಂಬಳಕಾಯಿ ನಂಜು ಎಂದು ಹೇಳಿ, ತಂದ ಮೋಸಂಬಿ ಇಟ್ಟು ಹೋಗುತ್ತಿದ್ದರು. ಮೋಸಂಬಿ ಕೆಂಚಿ ತಿನ್ನುತ್ತಿದ್ದಳು.

ತಮಾಷೆ ನೋಡಿ! ಅಲ್ಲಾಡಬಾರದ ಕೆಂಚಿ ಮೂರು ಕಾಲಲ್ಲಿ ಮಂಚದ ಸುತ್ತ ಗಿರಕಿ ಹೊಡೆಯುತ್ತಿದ್ದಳು. ಅಲ್ಲಾಡಲೇಬೇಕಾದ ನಾನು ಕಂಬದಂತೆ ಬಿದ್ದಿದ್ದೆ. ಒಂದು ದಿನ ಅವಳು ಬಕೆಟ್ಟಿನೊಳಗೆ ತಲೆ ತೂರಿಸಿ, ತೆಗೆಯಲಾಗದೆ, ಬಕೆಟ್ ಸಮೇತ ಜಗಲಿಯೆಲ್ಲ ಓಡಾಡಿದಳು. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನು ಸುಮ್ಮನೆ ನೋಡುತ್ತಿದ್ದೆ. ಅಮ್ಮನ ನಗು ಅರ್ಧಕ್ಕೇ ನಿಂತಿತು.

"ಯಾಕೋ, ಲೋಕಿ? ನಗು ಬರ್ಲಿಲ್ವೇನೋ?"

"ನಿದ್ದೆ ಬತ್ತಾ ಐತೆ ಕಣಮ್ಮ."

ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಕಡೂರಿಗೆ ಹೋದೆವು. ಮೂಳೆ ಡಾಕ್ಟರು ಗಾಯ ನೋಡಿ ಚೆನ್ನಾಗಿದೆ ಎಂದರು, ಎಕ್ಸ್‌ರೇ ನೋಡಿ ಚೆನ್ನಾಗಿದೆ ಎಂದರು. ಆಮೇಲೆ "ಮಡಚಿ" ಎಂದರು. ನಾನು ಮಡಚಿದೆ. ಅಂದರೆ ಹಾಗೆಂದುಕೊಂಡೆ. ಕಾಲು ಒನಕೆಯಂತೆ ನೆಟ್ಟಗಿತ್ತು.

"ಮನೇಲಿ ಎಕ್ಸರ್‌ಸೈಜ್ ಮಾಡ್ತಾ ಇದೀರಾ?"

ಅಪ್ಪ ಎದೆಯುಬ್ಬಿಸಿ ಉತ್ತರ ಕೊಟ್ಟ. "ಒಂಚೂರೂ ಅಲ್ಲಾಡಕ್ ಬಿಟ್ಟಿಲ್ಲ ಸಾರ್! ಕುರಿ ಕಾಲ್ ಕಟ್ಟಿ ನಂಗೂ ಅನುಭವ ಐತೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಜಮಾನ್ರೇ, ಕುರಿದು ಮೂಳೆ ಮುರಿದಿರೋದು, ಅದು ಸುಮ್ನಿರ್ಬೇಕು. ಇವನ ಮಂಡಿ ಒಳಗೆ ಹೊಸ ಹಗ್ಗ ಹಾಕಿದೀನಿ. ಇದನ್ನ ಆಡಿಸ್ತಾ ಇರ್ಬೇಕು. ಇಲ್ದಿದ್ರೆ ಹಿಂಗೇ ಬಿಗಿದುಹೋಗುತ್ತೆ. ಮುಂದಿನ ಸಲ ಬರೋ ಹೊತ್ತಿಗೂ ಮಡಚ್ಲಿಲ್ಲ ಅಂದ್ರೆ ಮತ್ತೆ ಅರಿವಳಿಕೆ ಕೊಟ್ಟು ನಾವೇ ಬಲವಂತವಾಗಿ ಮಡಚ್ಬೇಕಾಗುತ್ತೆ. ಆಮೇಲೂ ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲ್ಲ."

"ಗಾಡಿ ಓಡ್ಸೋದು ಸಾರ್?" ಎಂದೆ.

"ಮಡಚದ ಕಾಲಲ್ಲಿ ಕ್ಲಚ್ ಹೆಂಗಪ್ಪಾ ಒತ್ತುತೀಯ?"

ಮನೆಗೆ ಬಂದದ್ದೇ ತಡ, ಅಪ್ಪ ದಿಂಬುಗಳನ್ನೆಲ್ಲ ಎತ್ತಿ ಎಸೆದ. "ಮಡಚು!" ಎಂದ. ಬೆಳಿಗ್ಗೆ ಮಡಚು, ಊಟಕ್ಕೆ ಮೊದಲು ಮಡಚು, ದನಕ್ಕೆ ನೀರು ಕುಡಿಸುವಾಗ ಅಲ್ಲಿಂದಲೇ ಮಡಚು. ನಾನು ಹಿಮ್ಮಡಿಯನ್ನು ಸ್ವಲ್ಪ ಜಾರಿಸುತ್ತಿದ್ದೆ. ನೋವು ಮಂಡಿಯಿಂದ ಹತ್ತಿ ಹಲ್ಲಿಗೆ ಬರುತ್ತಿತ್ತು. ಬಿಟ್ಟುಬಿಡುತ್ತಿದ್ದೆ. ಸೋಮಾರಿತನ ಎಂದರೆ ಏನೆಂದು ನನಗೆ ಗೊತ್ತು, ನಾನು ಅದರಲ್ಲಿ ನುರಿತವನು. ಇದು ಅದಲ್ಲ. ಮಂಡಿಗೆ ಮಡಚು ಎಂದು ಹೇಳಬೇಕಾದವನು ಒಳಗೆ ಎಲ್ಲೋ ಬಾಗಿಲು ಹಾಕಿಕೊಂಡು ಕೂತಿದ್ದ. ಮಡಚಿದರೂ ಏನಾಗಬೇಕು, ಗಾಡಿ ಓಡಿಸಿದರೂ ಏನಾಗಬೇಕು ಎಂದು ಒಳಗಿಂದಲೇ ಕೂಗುತ್ತಿದ್ದ.

"ಕುರಿಗಿರೋ ಛಲ ನಿಂಗಿಲ್ವಲ್ಲೋ!" ಎಂದು ಅಪ್ಪ ಕೂಗಿದ. ಕೆಂಚಿ ತನ್ನನ್ನು ಹೊಗಳಿದ್ದು ಗೊತ್ತಾದವಳಂತೆ ಬ್ಯಾ ಎಂದಳು.

ಬಕೆಟ್ಟಿನ ಸಂಗತಿಯನ್ನು ಅಮ್ಮ ಸವಿತಕ್ಕನಿಗೆ ಫೋನಿನಲ್ಲಿ ಹೇಳಿದ್ದಳಂತೆ. ಸವಿತಕ್ಕನನ್ನು ಕೊಟ್ಟಿರುವುದು ಅಜ್ಜಂಪುರದ ಹತ್ತಿರದ ಶಿವನಿ ಎಂಬ ಊರಿಗೆ. ಅವಳು ಬಂದವಳೇ ನನ್ನನ್ನು ನೋಡಿ, "ಏಳೋ, ಅಜ್ಜಂಪುರದಲ್ಲಿ ಫಿಸಿಯೋ ಮೇಡಂ ಒಬ್ರು ಅವ್ರೆ, ನನ್ ಅತ್ತೆ ಭುಜ ಸರಿ ಮಾಡಿದ್ರು. ಸ್ವಲ್ಪ ದಿನ ನಮ್ಮನೇಲೇ ಇರು" ಎಂದಳು. ನನ್ನ ಮೊದಲ ಏಟು ಬಿದ್ದ ಊರಿಗೇ ಮತ್ತೆ ಹೊರಟೆ.

ನಯನಾ ಮೇಡಂ ನೋಡಲು ಪುಟ್ಟ, ದನಿ ಮಾತ್ರ ಬಸ್ ಕಂಡಕ್ಟರಿನದು. ಮಂಡಿಯನ್ನು ಒತ್ತಿ, ತಿರುಗಿಸಿ, ಕೋನ ಅಳೆದರು. ನಾನು ಟಗರಿನ ಕಥೆ ಶುರು ಮಾಡಿದೆ. ಅವರು ಕೈ ತೋರಿಸಿ ನಿಲ್ಲಿಸಿದರು.

"ಟಗರು ಆಮೇಲೆ. ಆಪರೇಷನ್‌ಗೆ ಮುಂಚೆ ನೀವು ಹೆಂಗಿದ್ರಿ?"

"ಮುಂಚೆ ಅಂದ್ರೆ? ಕುಂಟ್ತಾ ಇದ್ದೆ ಮೇಡಂ."

"ಕಾಲಲ್ಲ. ನೀವು."

ಎಲ್ಲರೂ ಆಪರೇಷನ್ ಆದ ಮೇಲಿನದನ್ನೇ ಕೇಳುತ್ತಿದ್ದರು. ಮುಂಚೆಯೇ ಕೇಳಿದ್ದ ಒಬ್ಬರೇ ಒಬ್ಬ ಡಾಕ್ಟರಿಗೆ ನಾನು ಫಸ್ಟ್ ಕ್ಲಾಸ್ ಎಂದಿದ್ದೆ. ಈಗಲೂ ಒಂದು ಜೋಕಿಗಾಗಿ ಬಾಯಿ ತೆರೆದೆ. ಜೋಕು ಬರಲಿಲ್ಲ. ಅದರ ಬದಲು ಅಳು ಬಂತು. ಸಣ್ಣ ಅಳುವಲ್ಲ, ಲಾರಿ ಹಾರ್ನ್ ಸಿಕ್ಕಿಹಾಕಿಕೊಂಡಂಥ ಅಳು! ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಅಜ್ಜ ಪರದೆ ಸರಿಸಿ ಇಣುಕಿದರು.

"ಅಷ್ಟೊಂದು ನೋಯ್ತದೇನಪ್ಪಾ? ಮೇಡಮ್ಮಾ, ನಾನ್ ನಾಳೆ ಬತ್ತೀನಿ ಕಣವ್ವ."

ಆ ಅಜ್ಜ ಮರುದಿನವೂ ಬರಲಿಲ್ಲವಂತೆ. ಅವರ ಸೊಂಟ ನನ್ನನ್ನು ಕ್ಷಮಿಸಲಿ.

ಮೇಡಂ ನನ್ನ ಅಳು ಮುಗಿಯುವವರೆಗೆ ಕಾದು ಹೇಳಿದರು. "ಮಂಡಿಗೆ ನಾನಿದೀನಿ. ಇನ್ನೊಂದಕ್ಕೆ ತರೀಕೆರೇಲಿ ಒಬ್ರು ಡಾಕ್ಟರ್ ಬರ್ತಾರೆ. ಎರಡೂ ಜೊತೇಲಿ ಆಗ್ಬೇಕು ಲೋಕೇಶ್. ಮನಸ್ಸು ಮಲಗಿದ್ರೆ ಮಂಡಿ ಏಳಲ್ಲ."

ಆ ಸಂಜೆ ಶಿವನಿಯಲ್ಲಿ, ಸವಿತಕ್ಕನ ಮನೆಯ ಮುಂದೆ ರೈಲಿನ ಸದ್ದು ಕೇಳುತ್ತ ಕೂತಿದ್ದಾಗ ಅಪ್ಪನ ಫೋನು. ನನ್ನ ಮಂಡಿ ವಿಚಾರಿಸುತ್ತಾನೆ ಎಂದುಕೊಂಡೆ.

"ಲೇ ಲೋಕಿ, ಕೆಂಚಿ ಮೇವು ಮುಟ್ಟಿಲ್ಲ ಕಣೋ. ನಿನ್ ಮಂಚ ಮೂಸ್ತಾ ಕುಂತೈತೆ. ಯಾವಾಗ್ ಬತ್ತೀಯ?"

ನನ್ನ ವಯಸ್ಸಿನ ಹುಡುಗರು ಹುಡುಗಿಯರ ಬಾಯಲ್ಲಿ ಕೇಳಲು ಸಾಯುವ ಮಾತು ನನಗೆ ಕುರಿಯ ಕಡೆಯಿಂದ ಬಂತು. ಆದರೂ ಒಳಗೆ ಬಾಗಿಲು ಹಾಕಿಕೊಂಡವನು ಒಂದು ಕ್ಷಣ ಬಾಗಿಲು ತೆಗೆದು "ಯಾರು?" ಎಂದ ಹಾಗಾಯಿತು.

ತರೀಕೆರೆಗೆ ಸವಿತಕ್ಕನೇ ಕರೆದುಕೊಂಡು ಹೋದಳು. ಮನಸ್ಸಿನ ಡಾಕ್ಟರ ಕೋಣೆಯ ಮುಂದೆ ಉದ್ದದ ಬೆಂಚು. ಗುರುತಿನವರು ಕಂಡರೆ ಮಾನ ಹೋಗುತ್ತದೆ ಎಂದು ನಾನು ತಲೆಯ ಮೇಲೆ ಟವೆಲ್ ಹೊದ್ದು ಮೂಲೆಯಲ್ಲಿ ಕೂತೆ. ಬೆಂಚಿನ ಇನ್ನೊಂದು ತುದಿಯಲ್ಲೂ ಒಂದು ಟವೆಲ್ಲು ಕೂತಿತ್ತು. ಆ ಟವೆಲ್ಲು ನನ್ನ ಟವೆಲ್ಲನ್ನು ನೋಡಿತು. ನಾನು ಅದನ್ನು ನೋಡಿದೆ. ಹಸಿರು ಅಂಚು, ಮೇಲೆ ಟೀ ಕಲೆ.

"ಕಲ್ಲೇಶಣ್ಣಾ?"

"ಲೇ! ಲೋಕಿ?" ಕಲ್ಲೇಶಣ್ಣ ಟವೆಲ್ಲನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡ. "ನೀನೇನೋ ಇಲ್ಲಿ?"

"ಮಂಡಿ ತೋರ್ಸಕ್ ಬಂದಿದ್ದೆ ಅಣ್ಣ. ನೀನು?"

"ನಾನು... ಹಲ್ಲು."

ಇಬ್ಬರೂ ಬಾಗಿಲಿನ ಮೇಲಿದ್ದ ಬೋರ್ಡನ್ನು ನೋಡಿದೆವು. ಅಷ್ಟರಲ್ಲಿ ನರ್ಸಮ್ಮ ಹೊರಗೆ ಬಂದು ಆಸ್ಪತ್ರೆಗೆಲ್ಲ ಕೇಳುವಂತೆ ಕೂಗಿದರು. "ಯಗಟಿ ಕಲ್ಲೇಶಪ್ಪ! ನಿದ್ದೆ ಮಾತ್ರೆ ಖಾಲಿ ಆಗೈತಾ?"

ಕಲ್ಲೇಶಣ್ಣ ಎದ್ದ. ಟವೆಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡ. ಒಳಗೆ ಹೋಗುವ ಮೊದಲು ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ.

"ಹೋದ ವರ್ಷದಿಂದ ಬತ್ತಾ ಇದೀನಿ ಕಣೋ. ಹೆದರ್ಬೇಡ. ಚೆನ್ನಾಗ್ ನೋಡ್ತಾರೆ."

ಊರಿನ ಸುದ್ದಿಯೆಲ್ಲ ಹಂಚುವ ಮನುಷ್ಯ! ನಾನು ದಿನವೂ ಎದುರಿಗೆ ಕೂತು ಟೀ ಕುಡಿದಿದ್ದೆ. ಅವನು ನನ್ನನ್ನು ನೋಡಿರಲಿಲ್ಲ, ನಾನು ಅವನನ್ನು ನೋಡಿರಲಿಲ್ಲ. ನಾನೂ ಟವೆಲ್ ತೆಗೆದೆ. ತಲೆ ತಣ್ಣಗಾಯಿತು.

ಡಾಕ್ಟರು ಅಮ್ಮನ ವಯಸ್ಸಿನ ಹೆಂಗಸು. "ಆಪರೇಷನ್‌ಗೆ ಮುಂಚೆ ಯಾರೂ ಕೇಳ್ಲಿಲ್ವಾ?" ಎಂದರು.

"ಕೇಳಿದ್ರು ಮೇಡಂ. ಮನಸ್ಸು ಫಸ್ಟ್ ಕ್ಲಾಸು, ಫೇಲಾಗಿರೋದು ಮಂಡಿ ಒಂದೇ ಅಂದೆ."

ಆಕೆ ನಗಲಿಲ್ಲ. ನನ್ನ ಜೋಕಿಗೆ ಒಬ್ಬರು ನಗದೇ ಹೋದದ್ದು ಜನ್ಮದಲ್ಲೇ ಮೊದಲ ಸಲ ಸಮಾಧಾನ ಕೊಟ್ಟಿತು. ಹಾಗಾಗಿ ಮಂಪರಿನಲ್ಲಿ ಬಂದ ಆ ಯೋಚನೆಯನ್ನೂ ಹೇಳಿದೆ. ಪಕ್ಕದಲ್ಲಿದ್ದ ಸವಿತಕ್ಕ ನನ್ನ ಕೈ ಹಿಡಿದಳು. ಎಷ್ಟು ಗಟ್ಟಿಯಾಗಿ ಎಂದರೆ ಕೈಗೂ ಫಿಸಿಯೋ ಬೇಕಾಗುತ್ತದೇನೋ ಎನಿಸಿತು.

"ಆ ಯೋಚನೆ ಮತ್ತೆ ಬಂದ್ರೆ ಒಬ್ನೇ ಇಟ್ಕೋಬೇಡ. ಅಕ್ಕಂಗೆ ಹೇಳು, ಇಲ್ಲ ನಂಗೆ ಹೇಳು," ಎಂದರು ಡಾಕ್ಟರು. "ಮುಂಚಿಂದ ಮನಸ್ಸು ಕುಗ್ಗಿರೋರಿಗೆ ಆಪರೇಷನ್ ಆದ್ಮೇಲೆ ನೋವು ಜಾಸ್ತಿ ಅನ್ಸುತ್ತೆ, ಚೇತರಿಸ್ಕೊಳ್ಳೋದು ತಡ ಆಗುತ್ತೆ. ನೀನು ಸೋಮಾರಿ ಅಲ್ಲಪ್ಪ. ನಿಂಗೆ ಎರಡು ಕಾಯಿಲೆ ಇತ್ತು. ಒಂದಕ್ಕೆ ಮಾತ್ರ ಔಷಧಿ ತಗೊಂಡಿದ್ದೆ."

ಸೋಮಾರಿ ಅಲ್ಲ! ಇದನ್ನು ಅಪ್ಪನಿಗೆ ಬರೆದುಕೊಡಿ ಎಂದು ಕೇಳುವವನಿದ್ದೆ.

ನನ್ನನ್ನು ಯಗಟಿಗೆ ವಾಪಸು ಕರೆತಂದು ಅಪ್ಪನಿಗೆ ಸವಿತಕ್ಕನೇ ಹೇಳಿದಳು. ಅವನು ಮೊದಲು "ಹುಚ್ಚಾ?" ಎಂದ. "ಅಲ್ಲಪ್ಪ" ಎಂದಳು. "ಮತ್ತೆ ಮಾತ್ರೆ ಯಾಕೆ?" ಎಂದ. ಅವಳು ಮಂಚದ ಕಾಲಿಗೆ ಕಟ್ಟಿದ್ದ ಕೆಂಚಿಯನ್ನು ತೋರಿಸಿದಳು. "ಇದು ಒಂಟಿಯಾದ್ರೆ ಕೊರಗ್ತದೆ ಅಂತ ಕಟ್ಟಿದ್ಯಲ್ಲ ಅಪ್ಪ? ಇವ್ನು ಅದಕ್ಕೂ ಮುಂಚಿಂದ ಕೊರಗ್ತಾ ಅವ್ನೆ."

ಅಪ್ಪ ಎದ್ದು ಹಿತ್ತಲಿಗೆ ಹೋದ. ಎಷ್ಟೋ ಹೊತ್ತು ಬರಲಿಲ್ಲ. ಬಂದವನು ಪಂಚೆ ಬಿಚ್ಚಿ ಗೂಟಕ್ಕೆ ಹಾಕಿದ. ಪಟಾಪಟಿ ಚಡ್ಡಿಯಲ್ಲಿ ನನ್ನ ಪಕ್ಕ ಚಾಪೆ ಹಾಸಿಕೊಂಡು ಅಂಗಾತ ಮಲಗಿದ.

"ಹೆಂಗ್ ಮಾಡ್ಬೇಕೋ? ತೋರ್ಸು."

"ಏನ್ನಪ್ಪಾ?"

"ಅದೇ, ಹಿಮ್ಮಡಿ ಜಾರ್ಸೋದು. ನಾನೂ ಮಾಡ್ತೀನಿ. ಒಬ್ನೇ ಏನ್ ಮಾಡೀಯ."

ಅಂದಿನಿಂದ ನಮ್ಮ ಜಗಲಿ ನೋಡಬೇಕಿತ್ತು! ಅಪ್ಪ, ನಾನು ಸಾಲಾಗಿ ಮಲಗಿ ಹಿಮ್ಮಡಿ ಜಾರಿಸುವುದು, ಕೆಂಚಿ ನಡುವೆ ನಿಂತು ಮೆಲುಕು ಹಾಕುವುದು. ಅಪ್ಪ ನನಗಿಂತ ಜೋರಾಗಿ ನರಳುತ್ತಿದ್ದ. ದಾರಿಯಲ್ಲಿ ಹೋಗುವವರು ಇಬ್ಬರಿಗೂ ಆಪರೇಷನ್ ಆಗಿದೆ ಎಂದುಕೊಂಡು ಅಪ್ಪನಿಗೂ ಮೋಸಂಬಿ ತಂದರು.

ಮಾತ್ರೆ ನುಂಗಿದ ಮರುದಿನವೇ ಸೂರ್ಯ ಬೇರೆ ಬಣ್ಣದಲ್ಲಿ ಹುಟ್ಟುತ್ತಾನೆ ಎಂದು ನಾನು ಕಾದಿದ್ದೆ. ಹಾಗೇನೂ ಆಗಲಿಲ್ಲ. ಬಾಯಿ ಒಣಗಿತು, ಅಷ್ಟೇ. ನಿಧಾನವಾಗುತ್ತದೆ, ಬಿಡಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಜ್ಜಂಪುರಕ್ಕೆ ಹೋಗುತ್ತಿದ್ದೆ, ತರೀಕೆರೆಗೆ ಹೋಗುತ್ತಿದ್ದೆ. ಕೆಲವು ದಿನ ಗೋಡೆ ಕಡೆಗೇ ತಿರುಗಿರುತ್ತಿದ್ದೆ. ಆಗ ಅಪ್ಪ ಏನೂ ಕೂಗುತ್ತಿರಲಿಲ್ಲ. ಬಂದು ಬೆನ್ನ ಹಿಂದೆ ಕೂತು ಬೀಡಿ ಹಚ್ಚುತ್ತಿದ್ದ.

ಈ ನಡುವೆ ಅಪ್ಪ ಕೆಂಚಿಯ ದಬ್ಬೆ ಬಿಚ್ಚಿದ. ಅವಳು ಮುಂಗಾಲನ್ನು ನೆಲಕ್ಕೆ ಮುಟ್ಟಿಸಿ ನೋಡಿದಳು, ಎತ್ತಿದಳು, ಮತ್ತೆ ಮುಟ್ಟಿಸಿದಳು. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಅಂಗಳ ದಾಟಿ, ಮೇಯಲು ಹೊರಟ ಮಂದೆಯೊಳಗೆ ಸೇರಿಹೋದಳು. ನನಗಿಂತ ಆಮೇಲೆ ಕಾಲು ಮುರಿದುಕೊಂಡವಳು! ನನ್ನ ಮೋಸಂಬಿ ತಿಂದವಳು! ಎದೆಯೊಳಗೆ ಏನೋ ಚುರುಕ್ ಎಂದಿತು. ಏನೆಂದು ಹುಡುಕಿದರೆ, ಹೊಟ್ಟೆಕಿಚ್ಚು! ತಿಂಗಳುಗಟ್ಟಲೆ ಏನೂ ಅನಿಸದಿದ್ದವನಿಗೆ ಕುರಿಯ ಮೇಲೆ ಹೊಟ್ಟೆಕಿಚ್ಚು ಬಂದಿತ್ತು!

"ಅಮ್ಮಾ! ನಂಗೆ ಕೆಂಚಿ ಮ್ಯಾಲೆ ಹೊಟ್ಟೆಕಿಚ್ಚಾಯ್ತಾ ಐತೆ!"

ಅಮ್ಮ ಗಾಬರಿಯಿಂದ ಓಡಿಬಂದಳು. "ಅಯ್ಯೋ ಶಿವನೇ, ಬಿಡ್ತು ಅನ್ನು! ಮೂಕಪ್ರಾಣಿ ಕಣೋ!"

ಆ ದಿನ ನಾನು ಯಾರೂ ಹೇಳದೆಯೇ ಹಿಮ್ಮಡಿ ಜಾರಿಸಿದೆ. ನೋವು ಹಲ್ಲಿಗೆ ಬರುವ ಮೊದಲೇ ನಿಂತಿತು. ಕುರಿಗೆ ಸೋಲಬಾರದು ಎಂಬುದು ದೊಡ್ಡ ಗುರಿಯೇನಲ್ಲ, ಆದರೆ ಅದು ನನ್ನದೇ ಗುರಿಯಾಗಿತ್ತು.

ಕಡೂರಿನ ಡಾಕ್ಟರು ಹೇಳಿದ್ದ ದಿನ ಬಂತು. ಮೇಜಿನ ಮೇಲೆ ಮಲಗಿಸಿ "ಮಡಚಿ" ಎಂದರು. ಮಡಚಿದೆ. ಅರ್ಧ ಬಂತು, ಅರ್ಧ ದಾಟಿತು, ಇನ್ನೂ ಬಂತು! ಪಕ್ಕದಲ್ಲಿ ನಿಂತಿದ್ದ ಅಪ್ಪ ಗೊತ್ತಿಲ್ಲದೆಯೇ ತನ್ನ ಕಾಲನ್ನೂ ಮಡಚಿ ಎತ್ತಿಕೊಂಡು ಒಂಟಿಗಾಲಲ್ಲಿ ನಿಂತಿದ್ದ.

"ಮತ್ತೆ ಅರಿವಳಿಕೆ ಕೊಟ್ಟು ಮಲಗ್ಸೋದು ಬೇಕಾಗಿಲ್ಲ. ಹಿಂಗೇ ಮುಂದುವರ್ಸು," ಎಂದರು ಡಾಕ್ಟರು. ಅವತ್ತೇ ಅದೇ ಆಸ್ಪತ್ರೆಯ ವರಾಂಡದಲ್ಲಿ, ಮರುದಿನ ಆಪರೇಷನ್ ಇದ್ದ ಹುಡುಗನೊಬ್ಬ ಎಲ್ಲರನ್ನೂ ನಗಿಸುತ್ತಿದ್ದ. ನಾನು ಅವನ ಪಕ್ಕ ಕೂತು, ಮಂಡಿ ತೋರಿಸಿ, ಆಮೇಲೆ ಕೇಳಿದೆ. "ಜನ ಹೋದ್ಮೇಲೆ ಹೆಂಗಿರ್ತೀಯ?" ಅವನು ಕೈಯಲ್ಲಿದ್ದ ಆಸ್ಪತ್ರೆ ಚೀಟಿಯನ್ನು ಮಡಚುತ್ತ ಕೂತ. ನಾನೂ ಎದ್ದು ಹೋಗಲಿಲ್ಲ. ನಿಮ್ಮನ್ನೂ ಯಾರಾದರೂ ಹಾಗೆ ಕೇಳಿದರೆ ದಯವಿಟ್ಟು ಫಸ್ಟ್ ಕ್ಲಾಸ್ ಎನ್ನಬೇಡಿ. ವಾರ್ಡ್ ನಗದಿದ್ದರೆ ಏನೂ ಮುಳುಗುವುದಿಲ್ಲ.

ಇನ್ನು ಗಾಡಿ. ಓಡಿಸಬಹುದು ಎಂದು ಡಾಕ್ಟರು ಒಪ್ಪಿದ ಮರುದಿನ ಮಧ್ಯಾಹ್ನ, ಅಪ್ಪ ಮಂದೆಯ ಜೊತೆ ಹೋಗಿದ್ದ. ಅಮ್ಮ ಒಳಗಿದ್ದಳು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸೀಟಿನ ಧೂಳು ಒರೆಸಿ ಹತ್ತಿ ಕೂತೆ. ಕೀ ತಿರುಗಿಸಿದೆ. ಎರಡು ಸಲ ಕೆಮ್ಮಿ ಶುರುವಾಯಿತು. ಎಡಗಾಲು ಎತ್ತಿದೆ. ಕ್ಲಚ್ ಮೇಲಿಟ್ಟೆ. ಒತ್ತಿದೆ.

ಹೋಯಿತು! ತಳದವರೆಗೂ ಹೋಯಿತು! ನಾನು ಗೇರ್ ಹಾಕಿ, ಎದುರಿನ ರಸ್ತೆಯನ್ನು ರಾಜನಂತೆ ನೋಡುತ್ತ ಕ್ಲಚ್ ಬಿಟ್ಟೆ.

ಗಾಡಿ ಹಿಂದಕ್ಕೆ ಹಾರಿತು. ಹಾಕಿದ್ದು ರಿವರ್ಸ್. ಹಿಂದಿದ್ದ ತೆಂಗಿನ ಮಟ್ಟೆ ರಾಶಿಗೆ ಗುದ್ದಿ ನಿಂತಿತು. ರಾಶಿ ಒಂದು ಕ್ಷಣ ಯೋಚಿಸಿ, ಗಾಡಿಯ ಮೇಲೆಯೇ ಕುಸಿಯಿತು. ಧಡಧಡ ಮಟ್ಟೆಗಳು ಉರುಳಿದವು. ಒಂದು ಕಿಟಕಿಯಿಂದ ಒಳಗೆ ಬಂದು ನನ್ನ ತೊಡೆಯ ಮೇಲೆ ಕೂತಿತು. ಎಷ್ಟೋ ತಿಂಗಳಿನಿಂದ ಕಾದ ಗಳಿಗೆ, ಗಾಡಿ ಓಡಿದ್ದು ಒಂದು ಮಾರು, ಅದೂ ಹಿಂದಕ್ಕೆ!

ನಗು ಬಂತು. ಹೊಟ್ಟೆಯ ಅಡಿಯಿಂದ ಬಂತು, ಸ್ಟೀರಿಂಗ್ ಮೇಲೆ ತಲೆಯಿಟ್ಟರೂ ನಿಲ್ಲಲಿಲ್ಲ. ತಲೆ ತಗುಲಿ ಹಾರ್ನ್ ಹೊಡೆದುಕೊಂಡಿತು, ಅದಕ್ಕೂ ನಗು ಬಂತು.

ಒಳಗೆ ಪಾತ್ರೆಯ ಸದ್ದಾಯಿತು. ಅಮ್ಮ ಕೈಯಲ್ಲಿ ಟೀಪುಡಿ ಡಬ್ಬಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಯಾರ್ ಬಂದವ್ರೋ? ಎಷ್ಟು ಲೋಟ ಇಡ್ಲಿ?"

ಅವಳು ಜಗಲಿ ನೋಡಿದಳು, ಖಾಲಿ ಮಂಚ ನೋಡಿದಳು, ರಸ್ತೆ ನೋಡಿದಳು. ಆಮೇಲೆ ಮಟ್ಟೆಗಳ ಮಧ್ಯೆ ಒಬ್ಬನೇ ಕೂತು ನಗುತ್ತಿದ್ದ ನನ್ನನ್ನು ನೋಡಿದಳು. ಡಬ್ಬಿಯನ್ನು ಎದೆಗೊತ್ತಿ ಹಿಡಿದುಕೊಂಡಳು.

"ಯಾರೂ ಬಂದಿಲ್ಲ ಕಣಮ್ಮ," ಎಂದೆ. "ಎರಡೇ ಲೋಟ ಇಡು. ನಿಂಗೊಂದು, ನಂಗೊಂದು."